ಗರ್ಭಚೀಲ ತೆಗೆಸುವ ಮೊದಲು ಇದನ್ನೊಮ್ಮೆ ಓದಿ

"ಚೀಲ ಕೆಟ್ಟೈತಿ. ಹಂಗ ಬಿಟ್ರ ಮುಂದ ಕ್ಯಾನ್ಸರ್ ಆಗ್ತೈತಿ." ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಚಡಚಣ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಈ ಮಾತು ಕೇಳದ ಮನೆ ಕಡಿಮೆ. ಬಿಳಿಸೆರಗು ಹೋಗುತ್ತದೆ, ಟೊಂಕ ನೋಯುತ್ತದೆ ಎಂದು ದವಾಖಾನೆಗೆ ಹೋದ ಮೂವತ್ತೈದರ ಹೆಣ್ಣುಮಗಳು ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದುಕೊಂಡು ಅಳುತ್ತಾ ಮನೆಗೆ ಬರುತ್ತಾಳೆ. ಆ ವಾರವೇ ಬೋರಮಾಳ ಒತ್ತೆ ಬೀಳುತ್ತದೆ. ಆಪರೇಷನ್ ಆಗುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಡಾಕ್ಟರ್ ಅಲ್ಲ. ಆದರೆ ನಮ್ಮ ಓಣಿಯ ಹೆಂಗಸರು ರಿಪೋರ್ಟ್ ತಂದು, "ಟೀಚರ್ರೀ, ಇದ್ರಾಗ ಏನ್ ಬರದಾರ ನೋಡ್ರಿ" ಅನ್ನುತ್ತಾರೆ. ನೋಡುತ್ತೇನೆ. ನೋಡಿದಾಗಲೆಲ್ಲ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಕ್ಯಾನ್ಸರ್ ಹೆಸರು ಹೇಳಿ ಹೆದರಿಸಿರುತ್ತಾರೆ, ಆದರೆ ಆ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗರ್ಭಕೊರಳಿನ, ಅಂದರೆ ಗರ್ಭಚೀಲದ ಕೆಳಗಿನ ಬಾಯಿಯ, ಕ್ಯಾನ್ಸರ್‌ನ ಮುಂಚಿನ ಹಂತ ಕಾಣುವುದೇ ಇಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ. ಸುಲಭದ ಪರೀಕ್ಷೆ.

ಎರಡು ಅಂಕಿ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಸರ್ಕಾರದ್ದೇ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವು. ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ 1.9. ಇನ್ನು 15ರಿಂದ 49 ವಯಸ್ಸಿನವರಲ್ಲಿ ಗರ್ಭಚೀಲ ತೆಗೆಸಿಕೊಂಡವರು ನೂರಕ್ಕೆ 3ಕ್ಕಿಂತ ಜಾಸ್ತಿ. ವಯಸ್ಸಿನ ಗುಂಪು ಬೇರೆ ಬೇರೆ, ಒಪ್ಪುತ್ತೇನೆ. ಆದರೂ ಪರೀಕ್ಷೆಗಿಂತ ಆಪರೇಷನ್ ಸುಲಭವಾಗಿ ಸಿಗುವ ದೇಶ ನಮ್ಮದು ಅಂತ ಇದರಿಂದ ಗೊತ್ತಾಗುತ್ತದೆ, ಅಲ್ವಾ?

ನಮ್ಮ ಸುತ್ತಮುತ್ತ ಇದು ಇನ್ನೂ ಕೆಟ್ಟದಾಗಿದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರ ಸಮೀಕ್ಷೆ 2019ರಲ್ಲಿ ಆಯಿತು. 82,309 ಜನರಲ್ಲಿ 13,861 ಜನ ಗರ್ಭಚೀಲ ತೆಗೆಸಿಕೊಂಡಿದ್ದರು. ಕಲಬುರಗಿಯಲ್ಲಿ 2015ರ ಸುಮಾರಿಗೆ ಲಂಬಾಣಿ ತಾಂಡಾಗಳ ಹೆಂಗಸರು, ದಲಿತ ಹೆಂಗಸರು ಇದೇ ಅನ್ಯಾಯಕ್ಕೆ ಬೀದಿಗಿಳಿದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಚೀಲ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಎಂದು ಹೇಳಿತು. ನಮ್ಮ ಜಿಲ್ಲೆಯಲ್ಲೂ ತಾಂಡಾಗಳಿವೆ, ಕಬ್ಬಿದೆ, ಗುಳೆ ಹೋಗುವವರಿದ್ದಾರೆ. ಬೀಡ್‌ನ ಕಥೆ ಬೇರೆಯವರ ಕಥೆ ಅಂತ ನಾವು ಸುಮ್ನೆ ಇರುವಂತಿಲ್ಲ.

ಗರ್ಭಕೊರಳಿನ ಕ್ಯಾನ್ಸರ್ ಚಿಕ್ಕ ವಿಷಯ ಅಂತ ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಅದು ಬರುತ್ತದೆ, 75 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಆದರೆ ಇದು ರಾತ್ರೋರಾತ್ರಿ ಬರುವ ಕಾಯಿಲೆಯಲ್ಲ. ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ. ಹರಾಲ್ಡ್ ಸುರ್ ಹೌಸೆನ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ಕಂಡುಹಿಡಿದಿದ್ದಕ್ಕೆ 2008ರಲ್ಲಿ ನೊಬೆಲ್ ಸಿಕ್ಕಿತು. ಮದುವೆಯಾದ ಬಹುತೇಕ ಎಲ್ಲರಿಗೂ ಈ ವೈರಸ್ ಯಾವಾಗಲಾದರೂ ಒಮ್ಮೆ ತಗಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಗರ್ಭಕೊರಳಿನ ಜೀವಕೋಶಗಳನ್ನು ಕೆಡಿಸುತ್ತಾ ಹೋಗುತ್ತದೆ. ಅದು ಕ್ಯಾನ್ಸರ್ ಆಗಲು ಹತ್ತು, ಹದಿನೈದು ವರ್ಷ ಬೇಕು. ಹಿಡಿಯಲು ಅಷ್ಟು ಸಮಯ ನಮಗೆ ಸಿಗುತ್ತದೆ. ಬಿಳಿಸೆರಗಿಗೆ ಹೆಚ್ಚಿನ ಸಲ ಕಾರಣ ಸಾಧಾರಣ ಸೋಂಕು. ಗುಳಿಗೆಯಿಂದಲೇ ವಾಸಿಯಾಗುತ್ತದೆ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡ ವಿಷಯಕ್ಕೆ ಬರುತ್ತೇನೆ. ಎಚ್‌ಪಿವಿ ಪರೀಕ್ಷೆ ಒಮ್ಮೆ ಮಾಡಿದರೂ ಜೀವ ಉಳಿಯುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು ಎಲ್ಲಿ ಗೊತ್ತಾ? ಲಂಡನ್‌ನಲ್ಲಿ ಅಲ್ಲ, ನ್ಯೂಯಾರ್ಕ್‌ನಲ್ಲಿ ಅಲ್ಲ. ಸೊಲ್ಲಾಪುರ ದಾಟಿದರೆ ಸಿಗುವ ಬಾರ್ಶಿಯಲ್ಲಿ.

ನಮ್ಮ ಕಡೆಯವರಿಗೆ ದೊಡ್ಡ ದವಾಖಾನೆ ಅಂದರೆ ಮೊದಲಿನಿಂದಲೂ ಸೊಲ್ಲಾಪುರ ಇಲ್ಲವೇ ಮಿರಜ. ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಕೇಳಿದವರೂ ಇದ್ದೀರಿ. ಅಲ್ಲಿ 1987ರಿಂದಲೇ ಹಳ್ಳಿಗಳಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು ಎಂಬ ಲೆಕ್ಕ ಬರೆದಿಡುತ್ತಾ ಬಂದರು. ದೇಶದಲ್ಲಿ ಹಳ್ಳಿ ಜನರಿಗಾಗಿ ಶುರುವಾದ ಮೊದಲ ಕ್ಯಾನ್ಸರ್ ದಾಖಲಾತಿ ಅದು. ಆ ಅನುಭವದ ಮೇಲೆ 1999ರಲ್ಲಿ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗಿನ ಧಾರಾಶಿವದಲ್ಲಿ, ಒಂದು ದೊಡ್ಡ ಅಧ್ಯಯನ ಶುರುವಾಯಿತು. ಮುಂಬೈನ ಟಾಟಾ ಮೆಮೋರಿಯಲ್, ಬಾರ್ಶಿಯ ಆಸ್ಪತ್ರೆ ಮತ್ತು ಫ್ರಾನ್ಸ್‌ನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ ಮಾಡಿದ ಕೆಲಸ. ಮುಂದೆ ನಿಂತವರು ಡಾ. ಆರ್. ಶಂಕರನಾರಾಯಣನ್.

30ರಿಂದ 59 ವಯಸ್ಸಿನ 1,31,746 ಹೆಂಗಸರು. ಹಳ್ಳಿಗಳನ್ನು 52 ಗುಂಪು ಮಾಡಿ ನಾಲ್ಕು ಭಾಗ ಮಾಡಿದರು. ಒಂದು ಭಾಗದವರಿಗೆ ಒಂದೇ ಸಲ ಎಚ್‌ಪಿವಿ ಪರೀಕ್ಷೆ. ಇನ್ನೊಂದಕ್ಕೆ ಪ್ಯಾಪ್ ಪರೀಕ್ಷೆ, ಅಂದರೆ ಗರ್ಭಕೊರಳಿನಿಂದ ಜೀವಕೋಶ ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮೂರನೆಯದಕ್ಕೆ ವಿಐಎ, ಅಂದರೆ ಗರ್ಭಕೊರಳಿಗೆ ವಿನೆಗರ್‌ನಂಥ ದ್ರಾವಣ ಹಚ್ಚಿ ಬೆಳ್ಳಗಾಗುವ ಜಾಗವನ್ನು ಕಣ್ಣಿನಿಂದ ನೋಡುವುದು. ನಾಲ್ಕನೆಯ ಭಾಗಕ್ಕೆ ಆಗ ಎಲ್ಲೆಡೆ ಇದ್ದ ಹಾಗೆ ಯಾವ ತಪಾಸಣೆಯೂ ಇಲ್ಲ, ತಿಳಿವಳಿಕೆ ಮಾತ್ರ. ಎಂಟು ವರ್ಷ ಬೆನ್ನು ಹತ್ತಿ ನೋಡಿದರು. ತಪಾಸಣೆ ಇಲ್ಲದ 31,488 ಜನರಲ್ಲಿ 64 ಹೆಂಗಸರು ಈ ಕ್ಯಾನ್ಸರ್‌ನಿಂದ ಸತ್ತರು. ಎಚ್‌ಪಿವಿ ಗುಂಪಿನ 34,126 ಜನರಲ್ಲಿ ಸತ್ತವರು 34. ಒಂದೇ ಸಲದ ಪರೀಕ್ಷೆಗೆ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಉಳಿದ ಎರಡು ಪರೀಕ್ಷೆಗಳಿಂದ ಅಲ್ಲಿ ಅಷ್ಟು ಫಲ ಕಾಣಲಿಲ್ಲ. 2009ರಲ್ಲಿ ಇದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿ ಬದಲಿಸಿ, ಮೊದಲ ಪರೀಕ್ಷೆಯಾಗಿ ಎಚ್‌ಪಿವಿಯನ್ನೇ ಮಾಡಿ ಎಂದಿತು.

ಆ 64 ಹೆಂಗಸರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ತಪಾಸಣೆ ಇಲ್ಲದ ಗುಂಪು ಇಟ್ಟದ್ದು ಸರಿಯೇ ಎಂದು ಹೊರದೇಶದ ಡಾಕ್ಟರುಗಳೂ ಕಟುವಾಗಿ ಪ್ರಶ್ನೆ ಎತ್ತಿದರು. ಆಗ ದೇಶದಲ್ಲಿ ಯಾರಿಗೂ ತಪಾಸಣೆ ಇರಲಿಲ್ಲ, ಹೋಲಿಸದೆ ಗೊತ್ತಾಗುತ್ತಿರಲಿಲ್ಲ ಎಂದು ಸಂಶೋಧಕರು ಉತ್ತರ ಕೊಟ್ಟರು. ನನಗೆ ಎರಡನೆಯ ಮಾತು ಪೂರ್ತಿ ಒಪ್ಪಿಗೆಯಾಗಿಲ್ಲ. ಕಣ್ಣೆದುರು ಇರುವವರಿಗೆ ಏನಾದರೂ ಕೊಡಬಹುದಿತ್ತು ಅನಿಸುತ್ತದೆ. ಆದರೆ ಅದಕ್ಕಿಂತ ದೊಡ್ಡ ತಪ್ಪು ಈಗ ನಡೆಯುತ್ತಿದೆ. ಉತ್ತರ ಸಿಕ್ಕಿ ಇಷ್ಟು ವರ್ಷವಾದರೂ ಆ ಪರೀಕ್ಷೆ ನಮ್ಮ ಹಳ್ಳಿಯ ಹೆಂಗಸರ ಹತ್ತಿರ ಬಂದಿಲ್ಲ. ನಮ್ಮಂಥದೇ ಸೀರೆ ಉಟ್ಟು, ನಮ್ಮಂಥದೇ ಜೋಳದ ರೊಟ್ಟಿ ಬಡಿದು ಬದುಕಿದ ಹೆಂಗಸರು ಕೊಟ್ಟ ಉತ್ತರ ಅದು. ಅವರು ಕೊಟ್ಟದ್ದನ್ನು ಜಗತ್ತೆಲ್ಲ ತೆಗೆದುಕೊಂಡಿತು. ನಾವು ಮಾತ್ರ ಇನ್ನೂ ನಾಲ್ಕನೆಯ ಗುಂಪಿನಲ್ಲೇ ಇದ್ದೇವೆ.

"ಹೆಂಗೂ ಮಕ್ಕಳಾಗ್ಯಾವ, ಚೀಲ ಇಟ್ಕೊಂಡು ಏನ್ ಮಾಡೋದೈತಿ? ತೆಗೆಸಿದ್ರ ಚಿಂತಿ ಹೋಗ್ತೈತಿ" ಅನ್ನುವ ಅತ್ತೆಯರೂ ಇದ್ದಾರೆ. ಅವರಿಗೆ ಹೃದಯದ ಸಂಶೋಧನೆ ಹೇಳಬೇಕು. ಗರ್ಭಚೀಲದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೊಜನ್ ಎಂಬ ಹೆಣ್ಣಿನ ಹಾರ್ಮೋನ್ ಒಮ್ಮೆಲೇ ನಿಂತುಹೋಗುತ್ತದೆ. ಮೂಳೆ ಸವೆಯುವುದು ಬೇಗ ಶುರುವಾಗುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 45 ತುಂಬುವ ಮೊದಲೇ ಎರಡೂ ಅಂಡಾಶಯ ತೆಗೆಸಿಕೊಂಡು ಈಸ್ಟ್ರೊಜನ್ ಔಷಧಿ ಪಡೆಯದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾವು ಜಾಸ್ತಿ. "ಅಂಡಾಶಯ ಬಿಟ್ಟು ಬರೀ ಚೀಲ ತೆಗೀತೀವಿ" ಅಂದರೂ ನಿಶ್ಚಿಂತೆ ಇಲ್ಲ. ಅದೇ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಅಂಡಾಶಯ ಉಳಿಸಿಕೊಂಡು ಚೀಲ ಮಾತ್ರ ತೆಗೆಸಿದವರಲ್ಲೂ ಬಿಪಿ, ಕೊಲೆಸ್ಟ್ರಾಲ್, ಬೊಜ್ಜು ಸ್ವಲ್ಪ ಹೆಚ್ಚು ಕಂಡವು. 35 ವಯಸ್ಸಿನೊಳಗೆ ತೆಗೆಸಿದವರಲ್ಲಿ ಹೃದಯದ ರಕ್ತನಾಳ ಕಟ್ಟುವ ಕಾಯಿಲೆ ಎರಡೂವರೆ ಪಟ್ಟು, ಹೃದಯ ಸೋಲುವುದು ನಾಲ್ಕು ಪಟ್ಟಿಗೂ ಜಾಸ್ತಿ. ಆಪರೇಷನ್ನೇ ಇದಕ್ಕೆಲ್ಲ ಕಾರಣ ಎಂದು ಇಂಥ ಅಧ್ಯಯನಗಳು ಪೂರ್ತಿ ಸಾಬೀತು ಮಾಡುವುದಿಲ್ಲ. ಆದರೆ ಎಚ್ಚರಿಕೆಗೆ ಇಷ್ಟು ಸಾಕು. ಬಿಪಿ ಏರಿದರೆ ಲಕ್ವಾ ಹೊಡೆಯುವ ಅಪಾಯವೂ ಏರುತ್ತದೆ. ಇನ್ನೂ ಮೂವತ್ತು ವರ್ಷ ಹೊಲದಲ್ಲಿ ದುಡಿಯಬೇಕಾದ ಹೆಣ್ಣುಮಗಳಿಗೆ ಇದನ್ನು ಆಪರೇಷನ್‌ಗೆ ಮೊದಲು ಯಾರು ಹೇಳುತ್ತಾರೆ? ನಮ್ಮ ಓಣಿಯಲ್ಲೇ ಮೂವತ್ತೆರಡಕ್ಕೆ ಚೀಲ ತೆಗೆಸಿಕೊಂಡ ಒಬ್ಬ ವೈನಿ ಇದ್ದಾರೆ. ಅಂಡಾಶಯ ಉಳಿದಿದೆಯೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲೂ ಸ್ಪಷ್ಟವಾಗಿ ಬರೆದಿಲ್ಲ. ಈಗ ಬಿಪಿ ಗುಳಿಗೆ ತಗೊಳ್ಳುತ್ತಿದ್ದಾರೆ.

ಚೀಲ ತೆಗೆಸಲೇಬೇಕಾದ ಸಂದರ್ಭಗಳೂ ಇವೆ. ದೊಡ್ಡ ಗಡ್ಡೆ, ಔಷಧಿಗೆ ಬಗ್ಗದ ರಕ್ತಸ್ರಾವ, ಪೂರ್ತಿ ಕೆಳಗಿಳಿದ ಚೀಲ, ಕ್ಯಾನ್ಸರ್ ಖಚಿತವಾದದ್ದು. ಆಗ ಹಿಂದೆಮುಂದೆ ನೋಡಬೇಡಿ. ಹಾಗೆಯೇ ಸಂಬಂಧದ ನಂತರ ರಕ್ತ ಕಂಡರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಹೋದರೆ, ಕೆಟ್ಟ ವಾಸನೆಯ ಸ್ರಾವ ನಿಲ್ಲದಿದ್ದರೆ ಶಿಬಿರಕ್ಕೆ ಕಾಯದೆ ನೇರ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ನಾಚಿಕೆ ಪಟ್ಟುಕೊಂಡು ವರ್ಷಗಟ್ಟಲೆ ಬಟ್ಟೆ ಬದಲಿಸುತ್ತಾ ಕೂತವರನ್ನು ನೋಡಿದ್ದೇನೆ. ಅದು ಬೇಡ.

ಯಾವ ತೊಂದರೆಯೂ ಇಲ್ಲದವರು 30 ದಾಟಿದ ಮೇಲೆ ತಪಾಸಣೆ ಮಾಡಿಸಬೇಕು. ಸರ್ಕಾರದ 2016ರ ಮಾರ್ಗಸೂಚಿಯಲ್ಲೇ ಇದೆ. 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕೊರಳು ನೋಡಬೇಕು, ಜೊತೆಗೆ ಬಿಪಿ, ಶುಗರ್. ಗರ್ಭಕೊರಳಿಗೆ ಸದ್ಯ ಅದರಲ್ಲಿರುವುದು ವಿಐಎ. ಎಚ್‌ಪಿವಿಯಷ್ಟು ಒಳ್ಳೆಯದಲ್ಲದಿದ್ದರೂ ಅದನ್ನು ತಳ್ಳಿಹಾಕಬೇಡಿ. ಮುಂಬೈನ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ವಿಐಎ ಮಾಡಿದ್ದರಿಂದ ಸಾವು ಸುಮಾರು ಶೇ. 31ರಷ್ಟು ಕಡಿಮೆಯಾಯಿತು ಎಂದು ಟಾಟಾ ಮೆಮೋರಿಯಲ್‌ನವರೇ ತೋರಿಸಿದ್ದಾರೆ. ಮುಂಚಿನ ಹಂತದಲ್ಲಿ ಏನಾದರೂ ಸಿಕ್ಕರೆ ಹೆಚ್ಚಿನವರಿಗೆ ಆ ಜಾಗವನ್ನಷ್ಟೇ ಶಾಖದಿಂದ ಇಲ್ಲವೇ ಅತಿ ತಂಪಿನಿಂದ ಸುಟ್ಟರೆ ಮುಗಿಯಿತು. ಹೊಟ್ಟೆ ಕೊಯ್ಯುವುದಿಲ್ಲ. ಚೀಲ ಇದ್ದಲ್ಲೇ ಇರುತ್ತದೆ.

ಹಾಗಾದರೆ ಹೆಂಗಸರು ಯಾಕೆ ಹೋಗುವುದಿಲ್ಲ? ಕೇಳಿದರೆ ಮೊದಲು ಬರುವ ಉತ್ತರ ಸಂಕೋಚ. ಪರದೆ ಇಲ್ಲದ ಕೋಣೆ, ಓಡಾಡುವ ಗಂಡಸರು, "ಕಾಲು ಅಗಲ ಮಾಡು" ಅಂತ ಗದರುವ ದನಿ. ಒಮ್ಮೆ ಹೀಗಾದರೆ ಅವಳೂ ಬರಲ್ಲ, ಅವಳ ಮಾತು ಕೇಳಿದ ಹತ್ತು ಜನರೂ ಬರಲ್ಲ. ಇಲ್ಲಿ ಎಚ್‌ಪಿವಿ ಪರೀಕ್ಷೆಗೆ ಇನ್ನೊಂದು ಗುಣವಿದೆ. ಇದಕ್ಕೆ ಬೇಕಾದ ಮಾದರಿಯನ್ನು ಹೆಂಗಸರು ಒಂದು ಚಿಕ್ಕ ಬ್ರಷ್‌ನಿಂದ ತಾವೇ ತೆಗೆದು ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಪ್ಪಿದೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮಾಡಿಕೊಂಡು ಬಂದರಾಯಿತು. ನಮ್ಮ ಹೆಂಗಸರಿಗೆ ಹೇಳಿ ಮಾಡಿಸಿದ್ದು ಇದು.

ಯಂತ್ರ ಎಲ್ಲಿಂದ ತರೋದು ಅಂತ ಕೇಳುವವರಿಗೂ ಉತ್ತರವಿದೆ. ಟ್ರೂನ್ಯಾಟ್ ಗೊತ್ತಲ್ಲ, ಟಿಬಿ ಪರೀಕ್ಷೆಗೆ, ಕೋವಿಡ್ ಕಾಲದಲ್ಲಿ ಕೊರೊನಾ ಪರೀಕ್ಷೆಗೆ ತಂದ ಚಿಕ್ಕ ಯಂತ್ರ. ಅದರಲ್ಲೇ ಮಾಡಬಹುದಾದ ಎಚ್‌ಪಿವಿ ಪರೀಕ್ಷೆ ನಮ್ಮ ದೇಶದಲ್ಲೇ ತಯಾರಾಗಿದೆ. ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ದೇಶದ ಲ್ಯಾಬ್‌ಗಳಲ್ಲಿ ಪರೀಕ್ಷಿಸಿ ನೋಡಿದ ಫಲಿತಾಂಶ 2025ರಲ್ಲಿ ಬಂದಿದೆ. ಯಂತ್ರ ಇದ್ದ ಕಡೆ ಬೇಕಾಗಿರುವುದು ಕಿಟ್ ಮತ್ತು ಮನಸ್ಸು. ಜಿಲ್ಲಾ ಆಡಳಿತ, ಜಿಲ್ಲಾ ಪಂಚಾಯಿತಿ, ಶಾಸಕರು ಎಲ್ಲರಿಗೂ ನನ್ನ ಕೈಮುಗಿದ ಕೇಳಿಕೆ: ಒಂದು ತಾಲೂಕಿನಲ್ಲಿ ಶುರು ಮಾಡಿ. ಗಡಿಯ ಆಚೆ ಇಪ್ಪತ್ತೈದು ವರ್ಷದ ಹಿಂದೆ ಆದದ್ದು ಇಲ್ಲಿ ಈಗ ಆಗಲ್ಲ ಅಂದರೆ ಹೇಗೆ?

ಎಚ್‌ಪಿವಿ ಲಸಿಕೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕಂದರೆ ನನ್ನ ವಿದ್ಯಾರ್ಥಿನಿಯರ ತಾಯಂದಿರು ಕೇಳುತ್ತಲೇ ಇರುತ್ತಾರೆ. 9ರಿಂದ 14ರ ವಯಸ್ಸು ಇದಕ್ಕೆ ಒಳ್ಳೆಯದು. ಸ್ವೀಡನ್‌ನಲ್ಲಿ 2020ರಲ್ಲಿ ಬಂದ ಅಧ್ಯಯನದಲ್ಲಿ 17 ತುಂಬುವ ಮೊದಲೇ ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ ಶೇ. 88ರಷ್ಟು ಕಡಿಮೆ. ಒಂದೇ ಡೋಸ್ ಸಾಕಾಗುತ್ತದೆ ಎಂಬುದಕ್ಕೆ ದೊಡ್ಡ ಪುರಾವೆ ಸಿಕ್ಕಿದ್ದೂ ನಮ್ಮ ದೇಶದ ಹುಡುಗಿಯರಿಂದಲೇ. 2009ರಲ್ಲಿ ಶುರುವಾದ ಅಧ್ಯಯನದಲ್ಲಿ ಲಸಿಕೆ ಹಾಕುವುದನ್ನು 2010ರಲ್ಲಿ ಸರ್ಕಾರ ನಡುವೆಯೇ ನಿಲ್ಲಿಸಿತು. ಹಾಗಾಗಿ ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಹತ್ತು ವರ್ಷದ ನಂತರ ನೋಡಿದರೆ ಈ ವೈರಸ್‌ನ ಎರಡು ಮುಖ್ಯ ಬಗೆಗಳು ಮೈಯಲ್ಲಿ ಉಳಿದುಕೊಳ್ಳದಂತೆ ಅವರಲ್ಲೂ ರಕ್ಷಣೆ ಶೇ. 95ರಷ್ಟಿತ್ತು. ಅದರಲ್ಲೂ ಬಾರ್ಶಿ ಇತ್ತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ಲಸಿಕೆ 2023ರಲ್ಲಿ ಬಂದಿದೆ. ಲಸಿಕೆ ಹಾಕಿಸಿದರೂ ದೊಡ್ಡವರಾದ ಮೇಲೆ ತಪಾಸಣೆ ತಪ್ಪಿಸಬಾರದು.

ಗಂಡಂದಿರಿಗೆ, ಅಣ್ಣತಮ್ಮಂದಿರಿಗೆ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಚೀಲ ತೆಗೆಯಬೇಕು ಅಂತ ಹೇಳಿದ್ದರೆ ಸಾಲಕ್ಕೆ ಓಡುವ ಮೊದಲು ಡಾಕ್ಟರ ಎದುರು ಕೂತು ಕೇಳಿ: ಗರ್ಭಕೊರಳಿನ ಪರೀಕ್ಷೆ ಆಗಿದೆಯಾ? ತುಣುಕು ತೆಗೆದು ಬಯಾಪ್ಸಿ ಮಾಡಿದ್ದೀರಾ? ಔಷಧಿಯಿಂದ ಆಗಲ್ವಾ? ಅಂಡಾಶಯ ಉಳಿಸುತ್ತೀರಾ? ಆಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ ಇಲ್ಲವೇ ಮೆಡಿಕಲ್ ಕಾಲೇಜಿನಲ್ಲಿ ಇನ್ನೊಬ್ಬರಿಗೆ ತೋರಿಸಿ. ಒಳ್ಳೆಯ ಡಾಕ್ಟರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಅಂಥವರು ನಮ್ಮಲ್ಲಿ ಬಹಳ ಜನ ಇದ್ದಾರೆ.

ನಮ್ಮ ಜಿಲ್ಲೆಯ ಯಾವ ಆರೋಗ್ಯ ಕೇಂದ್ರದಲ್ಲಿ ವಿಐಎ ಯಾವ ದಿನ ಮಾಡುತ್ತಾರೆ, ಅಲ್ಲಿ ಪರದೆ ಇರುವ ಬೇರೆ ಕೋಣೆ ಇದೆಯಾ, ನೋಡುವವರು ಹೆಂಗಸರೇನಾ ಎಂದು ಗೊತ್ತಿರುವವರು ದಯವಿಟ್ಟು ಕೆಳಗೆ ಬರೆಯಿರಿ. ಆಶಾ ಕಾರ್ಯಕರ್ತೆಯರು, ನರ್ಸ್ ಅಕ್ಕಂದಿರು ನನ್ನ ಪಟ್ಟಿಯಲ್ಲಿ ತುಂಬಾ ಜನ ಇದ್ದೀರಿ. ಎಲ್ಲವನ್ನೂ ಒಂದೇ ಕಡೆ ಸೇರಿಸಿ ಸ್ತ್ರೀಶಕ್ತಿ ಸಂಘಗಳ ವಾಟ್ಸಾಪ್ ಗ್ರೂಪ್‌ಗಳಿಗೆ ಕಳಿಸುತ್ತೇನೆ. ತಾಂಡಾದವರು ಗುಳೆ ಹೊರಡುವ ಮೊದಲು ಅದು ಅವರ ಕೈಗೆ ಸಿಗಬೇಕು.