ಮನೆ ಮೊದಲೋ ಶಾಲೆ ಮೊದಲೋ

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಶಾಲೆಯಿಂದ ಮತ್ತದೇ ಮೇಲ್. ವಿಳಾಸದ ಪುರಾವೆ ಕಳಿಸಿ. ಇದು ನಾಲ್ಕನೇ ಸಲ. ಹೊಸ ದೇಶಕ್ಕೆ ಬಂದು ಮೂರು ವಾರ ಆಯ್ತು, ಇನ್ನೂ ಸೂಟ್‌ಕೇಸಿನಿಂದಲೇ ಬಟ್ಟೆ ಎಳೆದು ಹಾಕಿಕೊಳ್ಳುತ್ತಿದ್ದೇವೆ. ನಮಗೆಲ್ಲಿಯ ವಿಳಾಸ? ಆ ಬಡಾವಣೆಯಲ್ಲಿ ಮನೆ ಇದ್ದರೆ ಮಾತ್ರ ಆ ಶಾಲೆಯಲ್ಲಿ ಸೀಟಂತೆ. ಸೀಟು ಖಾತ್ರಿಯಾದರೆ ತಾನೇ ಆ ಬಡಾವಣೆಯಲ್ಲಿ ಮನೆ ಹಿಡಿಯೋದು? ಮನೆ ಕೊಡುವವರು ಬ್ಯಾಂಕ್ ಖಾತೆ ಕೇಳುತ್ತಾರೆ, ಬ್ಯಾಂಕಿನವರು ಮನೆ ವಿಳಾಸ ಕೇಳುತ್ತಾರೆ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಆ ಗಾದೆ ಕಟ್ಟಿದವರು ಮಗುವಿನ ಅಡ್ಮಿಷನ್‌ಗೆ ಅಲೆದವರೇ ಇರಬೇಕು.

ಇದಕ್ಕೆಲ್ಲ ನಮ್ಮ ಯಜಮಾನರ ಬಳಿ ಒಂದೇ ಔಷಧ, ಎಕ್ಸೆಲ್ ಶೀಟು. ಯಾವ ದೇಶಕ್ಕೆ ಹೋಗೋದು ಅಂತ ಇನ್ನೂ ಗೊತ್ತಿಲ್ಲದಾಗಲೇ ಅದು ಶುರುವಾಗಿತ್ತು. ಇಂಗ್ಲೆಂಡಿನಲ್ಲಿ ನಾಲ್ಕು ತುಂಬಿದ ಮಕ್ಕಳನ್ನು ರಿಸೆಪ್ಷನ್‌ಗೆ ಕಳಿಸುತ್ತಾರೆ ಅಂದರು. ಯಾರ ಮದುವೆಯದ್ದು ಅಂತ ಕೇಳಿದೆ, ನಗಲಿಲ್ಲ. ಅಲ್ಲಿ ಇಯರ್ 1ಕ್ಕಿಂತ ಮೊದಲಿನ ಕ್ಲಾಸಿಗೆ ಹಾಗನ್ನುತ್ತಾರಂತೆ. ಅಲ್ಲಿ ಇಯರ್ 1 ಅಂದರೆ ಅಮೆರಿಕದಲ್ಲಿ ಕಿಂಡರ್‌ಗಾರ್ಟನ್, ಫಿನ್‌ಲ್ಯಾಂಡಿನಲ್ಲಿ ಏಳು ವರ್ಷಕ್ಕೆ ಒಂದನೇ ಕ್ಲಾಸು, ಜಪಾನಿನಲ್ಲಿ ಏಪ್ರಿಲ್‌ಗೆ ಶಾಲೆ ಶುರು, ಆಸ್ಟ್ರೇಲಿಯಾದಲ್ಲಿ ಜನವರಿ ಕೊನೆಗೆ. ದೇಶ ಬದಲಾದ ಹಾಗೆ ನಮ್ಮ ಪುಟ್ಟಿ ಕೂತಲ್ಲೇ ಪಾಸೂ ಆಗುತ್ತಿದ್ದಳು, ಫೇಲೂ ಆಗುತ್ತಿದ್ದಳು.

ಇಲ್ಲಿಗೆ ಬಂದ ಮೇಲೆ ಶೀಟಿಗೆ ಕಾಲಂ ಸಾಲಲಿಲ್ಲ. ಮನೆಯಿಂದ ದೂರ ಅಂತ ಒಂದು ಕಾಲಂ ಇದೆ. ಯಾವ ಮನೆ ಅಂತ ನಾನು ಕೇಳಬಾರದು. ಕೊನೆಗೆ ಸೇರಿದ್ದು 'ನಗು' ಅನ್ನುವ ಕಾಲಂ. ಶಾಲೆ ಬಿಟ್ಟಾಗ ಎಷ್ಟು ಮಕ್ಕಳು ನಗುತ್ತಾ ಹೊರಗೆ ಬರುತ್ತಾರೋ ಅದೇ ಶಾಲೆಯ ನಿಜವಾದ ಮಾರ್ಕು ಅಂತ ಇವರ ಸಿದ್ಧಾಂತ. ಹೋದ ಮಂಗಳವಾರ ಮಧ್ಯಾಹ್ನ ನನ್ನನ್ನೂ ಎಳೆದುಕೊಂಡು ಹೋಗಿ ಒಂದು ಶಾಲೆಯ ಗೇಟಿನ ಎದುರು ಮರದ ಕೆಳಗೆ ನಿಂತರು. ಗಂಟೆ ಹೊಡೆಯಿತು. ಇವರು ಫೋನ್ ಹಿಡಿದು ಎಣಿಸತೊಡಗಿದರು. "ರೀ, ಬನ್ನಿ, ಯಾರಾದ್ರೂ ನೋಡ್ತಾರೆ" ಅಂದೆ. "ತಡಿ, ಹಲ್ಲು ಬಿದ್ದವರನ್ನ ನಗುವಿಗೆ ಸೇರಿಸೋದೋ ಬೇಡ್ವೋ?" ಅಂದರು.

ಅಷ್ಟರಲ್ಲಿ ಹಳದಿ ಜಾಕೆಟ್ಟಿನ ಟೀಚರ್ ಒಬ್ಬರು ನೆಟ್ಟಗೆ ನಮ್ಮ ಕಡೆಗೇ ಬಂದರು.

"ನಿಮ್ಮ ಮಗು ಯಾವ ಕ್ಲಾಸು?"

"ನಮ್ಮ ಮಗು ಈ ಶಾಲೆಯಲ್ಲಿಲ್ಲ," ಅಂದರು ಯಜಮಾನರು, ಬಹಳ ಪ್ರಾಮಾಣಿಕವಾಗಿ.

"ಮತ್ತೆ ಯಾರನ್ನ ನೋಡ್ತಿದ್ದೀರಿ?"

"ಎಲ್ಲರನ್ನೂ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪೊಲೀಸರಿಗೆ ಫೋನ್ ಮಾಡುವ ಮೊದಲು ನಾನೇ ಮಧ್ಯೆ ಬಾಯಿ ಹಾಕಿ, ಇವರ ಕೈಯಿಂದ ಫೋನ್ ಕಿತ್ತು ಶೀಟು ತೋರಿಸಿದೆ. 34ಕ್ಕೆ 21. ಆಕೆ ಅದನ್ನು ನೋಡಿದರು, ಇವರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದ ನೋಟದಲ್ಲಿ ಪಾಪ ಅನ್ನೋದು ಸ್ಪಷ್ಟವಾಗಿ ಕಾಣಿಸಿತು. "ಇವತ್ತು ಗಣಿತದ ಟೆಸ್ಟ್ ಇತ್ತು, ಶುಕ್ರವಾರ ಬಂದು ಎಣಿಸಿ" ಅಂತ ಹೇಳಿ ಹೋದರು. ನನಗಂತೂ ಆ ಶಾಲೆಯೇ ಸಾಕು ಅನ್ನಿಸಿತು. ಅರ್ಜಿ ಹಾಕಿದ್ದೂ ಅಲ್ಲಿಗೇ.

ಅರ್ಜಿಯ ಕೊನೇ ಪುಟದಲ್ಲಿ ಒಂದು ಕಾಲಂ ಇತ್ತು. ತಂದೆ ತಾಯಿ ಸಿಗದಿದ್ದರೆ ತುರ್ತಿಗೆ ಯಾರಿಗೆ ಫೋನ್ ಮಾಡಬೇಕು? ಇದೇ ಊರಿನವರಾಗಿರಬೇಕು. ಪೆನ್ನು ಅಲ್ಲೇ ನಿಂತಿತು. "ಪಕ್ಕದ್ಮನೆ ಆಂಟಿ ನಂಬರ್ ಬರಿಯಮ್ಮ" ಅಂದಳು ಪುಟ್ಟಿ. ಆ ಪಕ್ಕದ ಮನೆ ಈಗ ಎರಡು ವಿಮಾನದಾಚೆ ಇದೆ ಅಂತ ಅವಳಿಗೂ ಗೊತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಈ ದೇಶದಲ್ಲಿ ನಮ್ಮ ಹೆಸರು ಗೊತ್ತಿರುವ ಒಬ್ಬನೇ ಮನುಷ್ಯ ಅಂದರೆ ಮನೆ ತೋರಿಸುವ ಬ್ರೋಕರ್. ಅವರದ್ದೇ ಬರೆದೆ. ಸಂಬಂಧ ಅನ್ನುವ ಜಾಗದಲ್ಲಿ 'ಹಿತೈಷಿ' ಅಂತ ಹಾಕಿದೆ.

ಈಗ ಸಂಜೆ ಆ ಹಿತೈಷಿ ವಾಟ್ಸಾಪಿನಲ್ಲಿ ಫೋನ್ ಮಾಡಿದ್ದರು. ನಮ್ಮ ಹೊಸ ಸಿಮ್ ಇನ್ನೂ ಚಾಲೂ ಆಗಿಲ್ಲ, ಹಾಗಾಗಿ ಶಾಲೆಯವರು ಅವರಿಗೆ ಫೋನ್ ಮಾಡಿದ್ದಾರೆ. ಪುಟ್ಟಿಗೆ ಸೀಟು ಇದೆಯಂತೆ, ಶುಕ್ರವಾರದೊಳಗೆ ವಿಳಾಸ ಕೊಟ್ಟರೆ ಆಯ್ತಂತೆ. ಖುಷಿಯಿಂದ ಕುಣಿಯುವುದೊಂದು ಬಾಕಿ.

"ಮತ್ತೆ ಮೇಡಂ," ಅಂದರು, "ಆ ಶಾಲೆ ಹತ್ತಿರದ ಮನೆ ನೋಡಿದ್ರಲ್ಲ, ಅದು ಮಧ್ಯಾಹ್ನ ಬೇರೆಯವರಿಗೆ ಹೋಯ್ತು."

ಯಜಮಾನರು ಲ್ಯಾಪ್‌ಟಾಪ್ ತೆರೆದಿದ್ದಾರೆ. ಮನೆಗಳಿಗೇ ಬೇರೆ ಶೀಟು ಮಾಡ್ತಾರಂತೆ.