‘ಬಿಡುಗಡೆ ಕೊಟ್ಟರು’ ಎಂಬ ಮಾತು

ಅಬ್ರಹಾಂ ಲಿಂಕನ್ ಅಮೆರಿಕದ ಗುಲಾಮರಿಗೆ ಬಿಡುಗಡೆ ಕೊಟ್ಟರು ಎಂಬ ವಾಕ್ಯವನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಲಿಂಕನ್ನರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಲಿಂಕನ್ನರ ಉತ್ತರದ ಒಕ್ಕೂಟಕ್ಕೂ ನಡೆದ ಆ ಅಂತರ್ಯುದ್ಧದ ಕಾಲದ ಸಾಮಾನ್ಯ ಜನರ ಬದುಕನ್ನು ಕುರಿತು ಓದುತ್ತ ಹೋದಂತೆಲ್ಲ ‘ಕೊಟ್ಟರು’ ಎಂಬ ಆ ಕ್ರಿಯಾಪದ ನನ್ನನ್ನು ಕಾಡತೊಡಗಿದೆ.

1861ರ ಮೇ ತಿಂಗಳಲ್ಲಿ, ಯುದ್ಧ ಶುರುವಾಗಿ ಒಂದೂವರೆ ತಿಂಗಳೂ ತುಂಬಿರದಿದ್ದಾಗ, ವರ್ಜೀನಿಯಾದಲ್ಲಿ ದಕ್ಷಿಣದ ಸೇನೆಗಾಗಿ ಫಿರಂಗಿ ನೆಲೆ ಕಟ್ಟುತ್ತಿದ್ದ ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲೊರಿ ಮತ್ತು ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರು ರಾತ್ರಿ ದೋಣಿಯೇರಿ ಉತ್ತರದವರ ವಶದಲ್ಲಿದ್ದ ಮನ್ರೋ ಕೋಟೆಗೆ ಬಂದು ಆಶ್ರಯ ಕೇಳಿದರು. ಒಡೆಯನ ಕಡೆಯವರು ಅವರನ್ನು ಮರಳಿ ಕೇಳಲು ಬಂದಾಗ, ಮೊದಲು ವಕೀಲರಾಗಿದ್ದ ಜನರಲ್ ಬೆಂಜಮಿನ್ ಬಟ್ಲರ್ ಇವರು ವಶಪಡಿಸಿಕೊಳ್ಳಬಹುದಾದ ಶತ್ರುವಿನ ಯುದ್ಧಸಾಮಗ್ರಿ ಎಂದು ವಾದಿಸಿ ಹಿಂದಿರುಗಿಸಲು ಒಪ್ಪಲಿಲ್ಲ. ಮನುಷ್ಯರನ್ನು ಸಾಮಗ್ರಿ ಎಂದು ಕರೆದ ಆ ಮಾತು ಕ್ರೂರವಾದದ್ದೇ, ಆದರೂ ಅದರ ನೆರಳಿನಲ್ಲಿ ಬಾಗಿಲು ತೆರೆಯಿತು. ಯುದ್ಧ ಮುಗಿಯುವಷ್ಟರಲ್ಲಿ ಹೀಗೆ ನಡೆದು ಬಂದವರ ಸಂಖ್ಯೆ 5 ಲಕ್ಷದ ಸಮೀಪಕ್ಕೆ ಮುಟ್ಟಿತ್ತು. ಗುಲಾಮರ ಬಿಡುಗಡೆಯನ್ನು ಸಾರಿದ ಲಿಂಕನ್ನರ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ರಂದು. ಈ ಮೂವರು ದೋಣಿಯೇರಿ ಆಗಲೇ ಒಂದೂವರೆ ವರ್ಷ ಕಳೆದಿತ್ತು.

ದಕ್ಷಿಣದ ಮನೆಗಳೊಳಗೂ ಹಳೆಯ ವ್ಯವಸ್ಥೆ ಕುಸಿಯುತ್ತಿತ್ತು. ಬಂದರುಗಳ ದಿಗ್ಬಂಧನದಿಂದ ಉಪ್ಪು ಸಿಗದಾಗಿ, ಮಾಂಸ ಹೊಗೆಯಾಡಿಸುವ ಕೋಣೆಯ ನೆಲದ ಮಣ್ಣನ್ನು ಅಗೆದು ಕುದಿಸಿ ಉಪ್ಪು ತೆಗೆದರು. ಕಾಫಿಯ ಬದಲು ಬೆಂಡೆಯ ಬೀಜವನ್ನು ಹುರಿದರು. 1863ರ ಏಪ್ರಿಲ್‌ನಲ್ಲಿ ದಕ್ಷಿಣದವರ ರಾಜಧಾನಿ ರಿಚ್ಮಂಡ್‌ನಲ್ಲೇ ಹೆಂಗಸರು ರೊಟ್ಟಿಗಾಗಿ ಅಂಗಡಿಗಳಿಗೆ ನುಗ್ಗಿದರು. ಯಜಮಾನ ಯುದ್ಧಕ್ಕೆ ಹೋದ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಎದ್ದು ನೋಡಿದರೆ ಒಲೆ ಹಚ್ಚುವವರೇ ಇರುತ್ತಿರಲಿಲ್ಲ.

ಆದರೆ ಕಾಲ್ಕಿತ್ತವರಿಗೆಲ್ಲ ಬಿಡುಗಡೆ ಸಿಕ್ಕಿತು ಎಂದುಕೊಳ್ಳುವಂತಿಲ್ಲ. ಬೇರೆಯಾದ ರಾಜ್ಯಗಳಿಗಷ್ಟೇ ಸಲ್ಲುತ್ತಿದ್ದ ಆ ಘೋಷಣೆ ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ ರಾಜ್ಯಕ್ಕೆ ಅನ್ವಯಿಸುತ್ತಿರಲಿಲ್ಲ. ಅಲ್ಲಿ ಸೇನೆಗೆ ಸೇರಿದ ಕಪ್ಪು ಗಂಡಸು ಸ್ವತಂತ್ರನಾಗುತ್ತಿದ್ದ, ಅವನ ಹೆಂಡತಿ ಮಕ್ಕಳು ಮಾತ್ರ ಒಡೆಯನ ಸ್ವತ್ತಾಗಿಯೇ ಉಳಿಯುತ್ತಿದ್ದರು. ಗಂಡಂದಿರ ಹಿಂದೆ ಬಂದು ಅಲ್ಲಿನ ಸೇನಾ ಶಿಬಿರವಾದ ಕ್ಯಾಂಪ್ ನೆಲ್ಸನ್‌ನಲ್ಲಿ ನೆಲೆಸಿದ್ದ ಸುಮಾರು 400 ಹೆಂಗಸರು ಮಕ್ಕಳನ್ನು 1864ರ ನವೆಂಬರ್‌ನ ಕೊರೆಯುವ ಚಳಿಯಲ್ಲಿ ಒಕ್ಕೂಟದ ಸೇನೆಯೇ ಹೊರಗೆ ಅಟ್ಟಿತು. ಅವರಲ್ಲಿ 102 ಮಂದಿ ಸತ್ತರು. ಜೋಸೆಫ್ ಮಿಲ್ಲರ್ ಎಂಬ ಸಿಪಾಯಿ ಆಣೆ ಮಾಡಿ ಬರೆಸಿದ ಹೇಳಿಕೆ ಉಳಿದುಬಂದಿದೆ. ಮಗನಿಗೆ ಕಾಯಿಲೆ, ಈ ಚಳಿಗೆ ಉಳಿಯಲಾರ ಎಂದು ಅವನು ಅಂಗಲಾಚಿದರೂ, ಬಂಡಿ ಹತ್ತದಿದ್ದರೆ ಗುಂಡಿಕ್ಕುತ್ತೇನೆ ಎಂದು ಕಾವಲುಗಾರ ಬೆದರಿಸಿದ. ರಾತ್ರಿ ಮೈಲಿಗಟ್ಟಲೆ ನಡೆದು ಹುಡುಕಿದಾಗ ಸಂಸಾರವೇನೋ ಸಿಕ್ಕಿತು, ಮಗ ಸತ್ತಿದ್ದ. ಮರುದಿನ ಮತ್ತೆ ನಡೆದು ಹೋಗಿ, ತಾನೇ ಗುಂಡಿ ತೋಡಿ, ತನ್ನ ಮಗುವನ್ನು ಹೂತು ಬಂದ.

ಇಂತಹ ಹೇಳಿಕೆಗಳು ಉತ್ತರದ ಪತ್ರಿಕೆಗಳಿಗೂ ವಾಷಿಂಗ್ಟನ್ನಿಗೂ ತಲುಪಿದ ಮೇಲೆ, 1865ರ ಮಾರ್ಚ್ 3ರಂದು ಕಪ್ಪು ಸೈನಿಕರ ಹೆಂಡತಿ ಮಕ್ಕಳನ್ನು ಸ್ವತಂತ್ರರೆಂದು ಸಾರುವ ಕಾನೂನು ಬಂತು. ಅಷ್ಟರೊಳಗೆ ಮಿಲ್ಲರ್ ತೀರಿಕೊಂಡಿದ್ದ.