ಅಲರ್ಟ್ ಬಂತು, ಆಮೇಲೆ?

ಆಗಸ್ಟ್ 15 ಹತ್ರ ಬಂದ್ರೆ ಸಾಕು, ವಾಯುನೆಲೆಗಳಲ್ಲಿ ಹೈ ಅಲರ್ಟ್, ನೌಕಾನೆಲೆಗಳಲ್ಲಿ ಹೈ ಅಲರ್ಟ್ ಅಂತ ಟಿವಿಲಿ ಕೆಂಪು ಪಟ್ಟಿ ಓಡೋಕೆ ಶುರು. ಸರಿ ಸ್ವಾಮಿ, ನಿನ್ನೆಗೂ ಇವತ್ತಿಗೂ ಆ ಗೇಟಲ್ಲಿ ಏನು ಬದಲಾಯ್ತು ಅಂತ ಒಬ್ರೂ ಕೇಳಲ್ಲ. ನಂಗಂತೂ ಈ ಪಟ್ಟಿ ನೋಡಿದಾಗೆಲ್ಲ 2016ರ ಜನವರಿಲಿ ಉಗ್ರರು ನುಗ್ಗಿದ ಪಂಜಾಬಿನ ಪಠಾಣ್‌ಕೋಟ್ ವಾಯುನೆಲೇನೇ ನೆನಪಾಗೋದು, ಯಾಕಂದ್ರೆ ಅಲ್ಲಿ ಮುನ್ಸೂಚನೆ ಇರಲಿಲ್ಲ ಅನ್ನೋ ಹಾಗೇ ಇಲ್ಲ.

2015 ಡಿಸೆಂಬರ್ 31ರ ರಾತ್ರಿ ಉಗ್ರರು ಪಂಜಾಬಿನ ಒಬ್ಬ ಎಸ್‌ಪಿ ಕಾರನ್ನೇ ಕಿತ್ಕೊಂಡು ಹೋದ್ರು, ಆತ ಬಚಾವಾಗಿ ಬಂದು ಹೇಳಿದ್ರೆ ಮೊದಲು ಅವರ ಡಿಪಾರ್ಟ್‌ಮೆಂಟಿನವರೇ ನಂಬಲಿಲ್ಲ, ಆಮೇಲೆ ಸುದ್ದಿ ಡೆಲ್ಲಿ ಮುಟ್ಟಿ ಜನವರಿ 1ಕ್ಕೇ ಎನ್‌ಎಸ್‌ಜಿ ಕಮಾಂಡೋಗಳು ಬಂದಿಳಿದಿದ್ರು. ಇಷ್ಟಾದ್ರೂ 2ನೇ ತಾರೀಕು ಬೆಳಗಿನ ಜಾವ ಗುಂಡಿನ ಸದ್ದು ಕೇಳಿದ್ದು ಕಾಂಪೌಂಡ್ ಒಳಗಡೆಯಿಂದ! ಸುಮಾರು 24 ಕಿಲೋಮೀಟರ್ ಸುತ್ತಳತೆ ಇರೋ ಜಾಗ ಅದು. ಗೋಡೆ ಪಕ್ಕದ ನೀಲಗಿರಿ ಮರ, ಒಂದು ಹಗ್ಗ, ಉರೀದೇ ಇದ್ದ ಫ್ಲಡ್‌ಲೈಟು, ಉಗ್ರರಿಗೆ ಒಳಗೆ ಬರೋಕೆ ಇಷ್ಟೇ ಸಾಕಾಯ್ತು ಅಂತ ಆಗ ಪೇಪರ್‌ಗಳಲ್ಲಿ ಬಂದಿತ್ತು. ಕೆಲವು ಲೋಪ ಆಗಿದೆ ಅಂತ ಆಗಿನ ರಕ್ಷಣಾ ಸಚಿವ ಪರಿಕ್ಕರ್ ಅವರೇ ಒಪ್ಕೊಂಡ್ರು.

ನಮ್ಮ ಭದ್ರತಾ ಸಿಬ್ಬಂದಿಯಲ್ಲಿ ಸತ್ತವರು ಏಳು ಜನ, ಅದ್ರಲ್ಲಿ ಐದು ಜನ ಡಿಎಸ್‌ಸಿಯವರು, ಅಂದ್ರೆ ಸೇನೆಯಿಂದ ರಿಟೈರ್ ಆಗಿ ಮತ್ತೆ ಕಾವಲು ಕೆಲಸಕ್ಕೆ ಸೇರಿದವರು. ಜಗದೀಶ್ ಚಂದ್ ಅನ್ನೋರು ಕೈಲಿ ಏನೂ ಇಲ್ಲದೆ ಒಬ್ಬ ಉಗ್ರನ ಹಿಂದೆ ಓಡಿ, ಅವನ ಬಂದೂಕನ್ನೇ ಕಿತ್ಕೊಂಡು ಅವನನ್ನ ಹೊಡೆದು ತಾವೂ ಹೋದ್ರು. ಅವರಿಗೆ ಕೀರ್ತಿಚಕ್ರ ಬಂತು, ಬರಲೇಬೇಕಿತ್ತು. ಆದ್ರೆ ಅಲರ್ಟ್ ಇದ್ದ ನೆಲೇಲಿ ಅವರ ಕೈ ಯಾಕೆ ಖಾಲಿ ಇತ್ತು? ಮಾರನೇ ದಿನ ಸತ್ತ ಉಗ್ರನ ಮೈಮೇಲಿದ್ದ ಗ್ರೆನೇಡ್ ಸಿಡಿದು ಎನ್‌ಎಸ್‌ಜಿಯ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ತೀರ್ಕೊಂಡ್ರು. ಮೂಲ ಪಾಲಕ್ಕಾಡ್ ಆದ್ರೂ ಬೆಳೆದಿದ್ದು ನಮ್ಮ ಬೆಂಗಳೂರಲ್ಲೇ.

ಅಮೆರಿಕದಲ್ಲಿ ಸೇನಾ ನೆಲೆಗಳ ಅಲರ್ಟ್‌ಗೆ ಕೆಳಗಿಂದ ಮೇಲಕ್ಕೆ ಮೆಟ್ಟಿಲು ಮಾಡಿಟ್ಟಿದಾರೆ. ನಾರ್ಮಲ್, ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ, ಒಟ್ಟು ಐದು. ಎಷ್ಟೋ ನೆಲೆಗಳ ಗೇಟಲ್ಲೇ ಬೋರ್ಡ್ ಹಾಕಿರ್ತಾರೆ, ಗುಟ್ಟೇನೂ ಅಲ್ಲ. ನಂಗೆ ಹಿಡಿಸಿದ್ದು ಏನಂದ್ರೆ, ಚಾರ್ಲಿ ಮಟ್ಟದಲ್ಲಿ ತುಂಬಾ ದಿನ ಇಟ್ರೆ ಜನ ಸುಸ್ತಾಗ್ತಾರೆ, ಡೆಲ್ಟಾ ಅಂತೂ ಹೆಚ್ಚು ಕಾಲ ನಡೆಸೋಕೇ ಆಗಲ್ಲ ಅಂತ ಅವರ ನಿಯಮಾನೇ ಒಪ್ಕೊಳ್ಳುತ್ತೆ. ಜೊತೆಗೆ ತಪಾಸಣೆಯ ಟೈಮು, ಜಾಗ ಬೇಕಂತಲೇ ಬದಲಾಯಿಸ್ತಾ ಇರ್ತಾರೆ, ಹೊರಗೆ ಕೂತು ನೋಡೋನಿಗೆ ಲೆಕ್ಕ ಸಿಗಬಾರದು ಅಂತ. ಹಾಗಂತ ಅವರದ್ದೇನು ಭದ್ರಕೋಟೆ ಅಲ್ಲ ಬಿಡಿ. 2015ರ ಮೇ ತಿಂಗಳಲ್ಲಿ ದೇಶದೊಳಗಿನ ನೆಲೆಗಳನ್ನೆಲ್ಲ ಬ್ರಾವೋಗೆ ಏರಿಸಿದ್ರು, ಜುಲೈ 16ಕ್ಕೆ ಟೆನೆಸಿಯ ಚಾಟನೂಗದಲ್ಲಿ ಒಬ್ಬ ಬಂದೂಕುಧಾರಿ ನಾಲ್ಕು ಮರೀನ್‌ಗಳನ್ನ, ಒಬ್ಬ ನಾವಿಕನನ್ನ ಕೊಂದ. ಅವನು ಮೊದಲು ಗುಂಡು ಹಾರಿಸಿದ್ದು ಅಂಗಡಿ ಸಾಲಿನಲ್ಲಿದ್ದ ಸೇನಾ ನೇಮಕಾತಿ ಆಫೀಸಿಗೆ. ಗೇಟೇ ಇಲ್ಲದ ಕಡೆ ಬ್ರಾವೋ ಇದ್ರೆಷ್ಟು, ಬಿಟ್ರೆಷ್ಟು.

ಎಲ್ಲಾ ಕಾಲಕ್ಕೂ ಎಲ್ಲಾ ನೆಲೆಗೂ ಹೈ ಅಲರ್ಟ್ ಅಂದ್ರೆ ರಾತ್ರಿ ಪಾಳಿಯ ಸೈನಿಕನ ನಿದ್ದೆ ಹಾಳೇ ಹೊರತು ಇನ್ನೇನೂ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ, ಬೈಯೋರು ಬೈಕೊಳ್ಳಿ. ಅಲರ್ಟ್ ಬಂದ ದಿನ ಯಾವ ಕೊಂಬೆ ಕಡೀಬೇಕು, ಯಾವ ಲೈಟ್ ರಿಪೇರಿ ಆಗಬೇಕು, ಯಾರ ಕೈಗೆ ಬಂದೂಕು ಕೊಡಬೇಕು ಅನ್ನೋದು ಮೊದಲೇ ಬರೆದಿಟ್ಟಿರಬೇಕು, ಮಾಡಿದಾರಾ ಅಂತ ಸಂಜೆಯೊಳಗೆ ಯಾರಾದ್ರೂ ಹೋಗಿ ನೋಡಬೇಕು. ಪಠಾಣ್‌ಕೋಟ್ ಆದ್ಮೇಲೆ ಲೆಫ್ಟಿನೆಂಟ್ ಜನರಲ್ ಫಿಲಿಪ್ ಕ್ಯಾಂಪೋಸ್ ಸಮಿತಿ ಸೇನಾ ನೆಲೆಗಳ ಭದ್ರತೆ ಬಗ್ಗೆ 2016ರಲ್ಲೇ ವರದಿ ಕೊಡ್ತು. ಆದ್ರೂ ಜಮ್ಮು-ಕಾಶ್ಮೀರದ ಸೇನಾ ನೆಲೆಗಳ ಮೇಲೆ ದಾಳಿ ನಿಲ್ಲಲಿಲ್ಲ, ಅದೇ ವರ್ಷ ಸೆಪ್ಟೆಂಬರಲ್ಲಿ ಉರಿ, ನವೆಂಬರಲ್ಲಿ ನಗ್ರೋಟಾ, 2018ರಲ್ಲಿ ಸುಂಜುವಾನ್. 2021ರ ಜೂನಲ್ಲಿ ಜಮ್ಮು ವಾಯುನೆಲೆಗೆ ಯಾರೂ ಗೋಡೆ ಹತ್ತಲೂ ಇಲ್ಲ, ಡ್ರೋನ್ ಮೇಲಿಂದ ಬಾಂಬ್ ಬೀಳಿಸಿ ಹೋಯ್ತು. ಅವತ್ತು ರಾತ್ರಿ ಗೇಟಲ್ಲಿ ಐಡಿ ಕಾರ್ಡ್ ಮಾತ್ರ ಸರಿಯಾಗೇ ಚೆಕ್ ಮಾಡಿರ್ತಾರೆ ಬಿಡಿ.